ಝೀಟಾ ಬಾಯಿ ಕಟ್ ಮಾಡಿದ ಕರೆ

ಶಿರ್ವದ ಟೈಲರ್ ಝೀಟಾ ಬಾಯಿಯಷ್ಟು ಅನುಮಾನದ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ವಂತ ತಮ್ಮ ತಂದ ಬಂಗುಡೆ ಮೀನನ್ನೂ ಕಿವಿರು ಎತ್ತಿ ನೋಡದೆ ಒಳಗೆ ತರುವವರಲ್ಲ. ಬ್ಲೌಸಿನ ಅಳತೆ ಪ್ರತಿ ಸಲ ಹೊಸದಾಗಿ ಆಗಬೇಕು. "ಹೋದ ತಿಂಗಳದ್ದೇ ಸಾಕಲ್ವಾ ಬಾಯಿ?" ಎಂದರೆ, "ನೀನು ದಪ್ಪ ಆಗಲಿಲ್ಲ ಎಂದು ಯಾರು ಹೇಳಿದ್ದು ಮಾರಾಯ್ತಿ?" ಎಂದು ಟೇಪು ಹಿಡಿಯುತ್ತಾರೆ.

ಜೂನ್‌ನಲ್ಲಿ ನಾನು ಬೆಳ್ಮಣ್‌ನಿಂದ ಬ್ಲೌಸ್ ಹೊಲಿಸಲು ಹೋದಾಗ ಅವರು ಭಾರೀ ಖುಷಿಯಲ್ಲಿದ್ದರು.

"ನಿನ್ನೆ ಒಬ್ಬ ಕಳ್ಳ ಪೊಲೀಸ್ ನನಗೆ ವಿಡಿಯೋ ಕಾಲ್ ಮಾಡಿದ ವಿಜೇತಾ. ದೆಹಲಿ ಪೊಲೀಸ್ ಅಂತೆ! ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಉಂಟಂತೆ! ಹಿಂದಿ ಬರುವುದಿಲ್ಲ ಎಂದೆ. ಕನ್ನಡದವನೊಬ್ಬನಿಗೆ ಕೊಟ್ಟ. ಅವ ನನ್ನನ್ನು 'ಬಾಯಿ' ಅಂದ!"

ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಗೆ ಹಾಗೆ ಕರೆಯುವುದು ನಮ್ಮ ಊರಿನವರು. ದೆಹಲಿಯ ಪೊಲೀಸನಿಗೆ ಅದೆಲ್ಲಿ ಗೊತ್ತು?

"ನಮ್ಮ ಕಡೆಯವನಾಗಿ ನಾಚಿಕೆ ಆಗುವುದಿಲ್ವಾ ಎಂದು ಬೈದೆ. ಸ್ವರ ತಗ್ಗಿಸಿದ. 'ಬಾಯಿ, ಕಟ್ ಮಾಡಬೇಡಿ. ಇಲ್ಲಿ ನಮ್ಮನ್ನು ಕೂಡಿ ಹಾಕಿ ಹೊಡೆಯುತ್ತಾರೆ. ಬೆಳ್ಮಣ್‌ನಲ್ಲಿ ನನ್ನ ಅಕ್ಕ...' ಎಂದು ಅಳುವ ನಾಟಕ ಬೇರೆ! ಕಟ್ ಮಾಡಿ ನಂಬರನ್ನೂ ಅಳಿಸಿಬಿಟ್ಟೆ."

ನನ್ನ ತಮ್ಮ ಹರ್ಷಿತ್ ಹೋಟೆಲ್ ಕೆಲಸವೆಂದು ಥಾಯ್ಲೆಂಡಿಗೆ ಹೋದವನು. ನಾಲ್ಕು ತಿಂಗಳಿಂದ ಸುದ್ದಿಯಿಲ್ಲ. ನಾಚಿಕೆಗೆ ನಾವು ಯಾರಿಗೂ ಹೇಳಿರಲಿಲ್ಲ. ಮೊಬೈಲ್‌ನಲ್ಲಿದ್ದ ಅವನ ಫೋಟೋ ತೋರಿಸಿದೆ.

"ಅಯ್ಯೋ ದೇವರೇ, ಇವನೇ!" ಎಂದರು ಅವರು. ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು ನನಗೆ.

ಇಬ್ಬರೂ ಉಡುಪಿಗೆ ಹೋಗಿ ಸೈಬರ್ ಪೊಲೀಸರನ್ನು ಕಂಡೆವು. ಎಸ್‌ಐ ಹರಿಣಾಕ್ಷಿ ಸುಳ್ಳು ಭರವಸೆ ಕೊಡಲಿಲ್ಲ. "ನಾವು ಜಾಗ ಪತ್ತೆ ಮಾಡುವಷ್ಟರಲ್ಲಿ ಆ ಗ್ಯಾಂಗಿನವರು ಅವನನ್ನು ಗಡಿ ದಾಟಿಸಿರುತ್ತಾರೆ. ಬೇರೆ ದೇಶ, ನಾವು ನೇರ ಹೋಗುವ ಹಾಗಿಲ್ಲ. ಮೇಲಿನವರಿಗೆ ಬರೆಯುತ್ತೇನೆ. ಇನ್ನೊಮ್ಮೆ ಅವ ಫೋನಿನಲ್ಲಿ ಸಿಕ್ಕಿದರೆ ಈಗ ಇರುವ ಊರಿನ ಹೆಸರು ಕೇಳಿ." ಮತ್ತೆ ನನ್ನ ಮುಖವನ್ನೇ ನೋಡಿದರು. "ಅವ ಹೆದರಿಯೇ ಈ ಕೆಲಸ ಮಾಡುವುದು ಎಂದು ನಿಮಗೆ ಖಾತ್ರಿ ಉಂಟಾ?"

"ಉಂಟು" ಎಂದೆ. ಆದರೂ ಆ ಪ್ರಶ್ನೆ ಬಸ್ಸಿನಲ್ಲಿ ಬೆಳ್ಮಣ್‌ವರೆಗೂ ನನ್ನ ಜೊತೆಗೇ ಬಂತು.

ಈಗ ಝೀಟಾ ಬಾಯಿ ಗೊತ್ತಿಲ್ಲದ ನಂಬರಿನ ಒಂದು ಕರೆಯನ್ನೂ ಬಿಡುವುದಿಲ್ಲ. ಲೋನಿನವರಿರಲಿ, ಲಾಟರಿಯವರಿರಲಿ, ಕಳ್ಳ ಪೊಲೀಸರಿರಲಿ, ಹೊಲಿಗೆ ಮೆಷಿನ್ ನಿಲ್ಲಿಸಿ ಫೋನ್ ಎತ್ತುತ್ತಾರೆ.

"ನನಗೆ ಹಿಂದಿ ಬರುವುದಿಲ್ಲ" ಎನ್ನುತ್ತಾರೆ. "ಕನ್ನಡದವನಿಗೆ ಕೊಡಿ."