ಚಿಕ್ಕಮ್ಮನ 'ಹ್ಯಾಂಗ್ ಅಪ್' ಪಾಠ

ನಮ್ಮ ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಇಂಗ್ಲಿಷ್ ಪಾಠ ಶುರುಮಾಡಿದಳು. ಅವಳಿಗೆ ತುಂಬ ಇಷ್ಟದ ಪಾಠ 'ಹ್ಯಾಂಗ್ ಅಪ್'.

"ಹ್ಯಾಂಗ್ ಅಂದ್ರೆ ತೂಗುಹಾಕೋದು. ಫೋನ್ ಇಡೋದಕ್ಕೂ ಅದಕ್ಕೂ ಏನ್ರಪ್ಪಾ ಸಂಬಂಧ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾನೇ ಹೇಳುತ್ತಿದ್ದಳು. "ಮೊದಲು ಫೋನು ಗೋಡೆ ಮೇಲಿರ್ತಿತ್ತು. ಮಾತು ಮುಗಿದ್ಮೇಲೆ ರಿಸೀವರನ್ನ ಪಕ್ಕದ ಕೊಕ್ಕೆಗೆ ಸಿಗಿಸಬೇಕು. ಭಾರಕ್ಕೆ ಕೊಕ್ಕೆ ಕೆಳಗೆ ಬಂತೋ, ಲೈನ್ ಕಟ್. ಈಗ ಕೊಕ್ಕೆ ಹೋಯ್ತು, ಮಾತು ಉಳ್ಕೊಂಡಿದೆ. ಎದುರಿನವರ ಮಾತು ಮುಗಿಯೋಕೆ ಮುಂಚೆ ಸಿಟ್ಟಲ್ಲಿ ಫೋನ್ ಇಟ್ರೆ, 'ಹ್ಯಾಂಗ್ ಅಪ್' ಮುಂದೆ 'ಆನ್' ಅಂತ ಸೇರಿಸಿ ಅವರ ಹೆಸರು ಹೇಳ್ಬೇಕು." ಅವಳ ಉದಾಹರಣೆಗಳಲ್ಲಿ ಮ್ಯಾನೇಜರು, ಪಕ್ಕದ ಮನೆಯವಳು ಎಲ್ಲರೂ ಬರುತ್ತಿದ್ದರು. ಅವಳ ಅಕ್ಕ ಮಾತ್ರ ಬರುತ್ತಿರಲಿಲ್ಲ.

ಆ ಅಕ್ಕ ಎಂದರೆ ನಮ್ಮಮ್ಮ. ಒಂದು ದಿನ ಅಮ್ಮ ಅವಳಿಗೆ ಫೋನು ಮಾಡಿ ನನ್ನ ಸೋಮಾರಿತನದ ಪುರಾಣ ಬಿಚ್ಚಿದ್ದಳು. ಚಿಕ್ಕಮ್ಮ ನನ್ನ ಪರ ವಹಿಸಿದಳು. "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ" ಎಂದುಬಿಟ್ಟಳು ಅಮ್ಮ. ಅತ್ತಲಿಂದ ಫೋನು ಕುಕ್ಕಿದ ಸದ್ದು ನನಗೂ ಕೇಳಿಸಿತು.

ಮರುದಿನವೇ ಅಮ್ಮ ಕರಗಿದ್ದಳು. ಆದರೂ "ಕುಕ್ಕಿದವಳು ಅವಳು, ಅವಳೇ ಮಾಡ್ಲಿ" ಎಂಬ ಹಟ. ಚಿಕ್ಕಮ್ಮನದೋ ಎಕ್ಸ್‌ಚೇಂಜಿನ ಕಾನೂನು. "ಲೈನ್ ಕಟ್ಟಾದ್ರೆ ಮೊದಲು ಮಾಡ್ದೋರೇ ಮತ್ತೆ ಮಾಡ್ಬೇಕು. ಇಬ್ರೂ ಮಾಡಿದ್ರೆ ಇಬ್ರಿಗೂ ಎಂಗೇಜ್ ಬರತ್ತೆ ಕಣೇ!" ಅಯ್ಯೋ, ಇಂಥವರಿಗೆ ಏನನ್ನೋಣ! ರಿಂಗು ಕೇಳಿಸಲಿ ಎಂದು ಸ್ನಾನಕ್ಕೆ ಹೋದರೂ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದಳು ಚಿಕ್ಕಮ್ಮ ಮಹಾರಾಯ್ತಿ. ಇಬ್ಬರಿಗೂ ಮಾತಾಡುವ ಆಸೆ, ಇಬ್ಬರಿಗೂ ಒಣ ಜಂಭ. ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು. ಹೀಗೇ ವರ್ಷಗಳು ಹೋದವು.

ಕೊನೆಗೊಂದು ದಿನ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಾಯಿ ಬಿದ್ದುಹೋಯಿತು. ಆಸ್ಪತ್ರೆಯಿಂದ ಚಿಕ್ಕಮ್ಮನಿಗೆ ನಾನೇ ಫೋನು ಮಾಡಿದೆ. "ಅಮ್ಮಂಗೆ ಹುಷಾರಿಲ್ಲ" ಎನ್ನುವಷ್ಟರಲ್ಲೇ "ಕೊಡೇ ಅವಳ ಕೈಗೆ" ಎಂದಳು. ಅಮ್ಮನ ಕಿವಿಗೆ ಹಿಡಿದೆ.

"ಅಕ್ಕಾ, ನಾನು ಕಣೇ. ತಪ್ಪಾಯ್ತು. ಅವತ್ತು ಬೈದಿದ್ದನ್ನೇ ಇನ್ನೊಂದ್ಸಲ ಬೈಯಿ, ಪೂರ್ತಿ ಕೇಳ್ತೀನಿ."

ಅಮ್ಮನ ತುಟಿ ಅಲುಗಿತು. ಬಂದದ್ದು ಉಸಿರು ಮಾತ್ರ. ಕಣ್ಣೀರು ದಿಂಬಿಗೆ ಇಳಿಯಿತು.

"ಇನ್ನೂ ಸಿಟ್ಟೇನೇ? ಇರ್ಲಿ ಬಿಡು. ನಿಧಾನಕ್ಕೆ ಹೇಳು" ಎಂದು ಅತ್ತಲಿಂದ ಚಿಕ್ಕಮ್ಮ ಬೇಡಿಕೊಳ್ಳುತ್ತಲೇ ಇದ್ದಳು. ಅಮ್ಮನಿಗೆ ಮಾತು ನಿಂತಿದೆ ಎಂದು ಹೇಳಲು ನನಗೆ ಬಾಯಿಯೇ ಬರಲಿಲ್ಲ.