ಎಳ್ಳು ಎಲ್ಲಿ?

ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಪಾಲಿಕೆ ಮಾಡಿದ ಹೊಸದು. ಮಿರಜದ ರೈತರ ಸಂತೆಗೆ ಬೇರೆ ಜಾಗ ಕೊಟ್ಟಿದ್ದಾರೆ. ಹಳೆಯ ರಸ್ತೆಯಲ್ಲೇ ಕೂತವರ ಮಾಲು ಪಾಲಿಕೆಯ ಲಾರಿ ಪಾಲು. ಹತ್ತಿರದ ಆರಗ ಹಳ್ಳಿಯ ಹೆಂಗಸೊಬ್ಬಳ ಬಳಿ, ಪರವೂರಿನ ನಾನು ಸುಮ್ಮನೆ ಬದನೆಕಾಯಿ ನೋಡುತ್ತ ನಿಂತಿದ್ದಾಗಲೇ ಆ ಲಾರಿ ಬಂತು.

"ಹಿಡೀರಿ ಕಾಕಾ, ಗಿರಾಕಿ ಚೀಲ ಒಯ್ಯೂದಿಲ್ಲ ಅವ್ರು" ಎಂದವಳೇ ಅವರೆ, ಬದನೆ, ಹಸಿಗಡಲೆ ಎಲ್ಲವನ್ನೂ ನನ್ನ ಚೀಲಕ್ಕೆ ಸುರಿದು ಪಕ್ಕಕ್ಕೆ ನಿಂತಳು.

ಲಾರಿಯಿಂದಿಳಿದ ಅಧಿಕಾರಿ ನೇರ ನನ್ನತ್ತಲೇ ಬಂದ. ಇಷ್ಟೆಲ್ಲ ಯಾತಕ್ಕೆ ಎಂದು ಮರಾಠಿಯಲ್ಲಿ ಕೇಳಿದ.

ಮರುದಿನ ಭೋಗಿ. ಸಂಕ್ರಾಂತಿಯ ಮುನ್ನಾದಿನ ಹಂಗಾಮಿನ ಕಾಯಿಗಳನ್ನೆಲ್ಲ ಕೂಡಿಸಿ ಪಲ್ಯ ಮಾಡುತ್ತಾರೆ. "ಭೋಗಿಗೆ" ಎಂದೆ.

ಅವನು ಚೀಲ ಕೆದಕಿದ. ಎಳ್ಳು ಎಲ್ಲಿ ಎಂದ. ಎಳ್ಳಿಲ್ಲದೆ ಆ ಪಲ್ಯವೇ ಇಲ್ಲ.

"ಎಳ್ಳು ಮನ್ಯಾಗ ಅದಾವ್ರಿ. ನಮ್ಮ ಕಾಕಾ ಅವ್ರು" ಎಂದಳು ಆಕೆ, ಗಾಬರಿಯಲ್ಲಿ ಕನ್ನಡದಲ್ಲೇ.

ಅವನು ಆಕೆಯ ಉಗುರಿನ ಮಣ್ಣನ್ನೇ ನೋಡಿದ. "ಹುರದು ಕುಟ್ಟಿ ಹಾಕ್ರಿ" ಎಂದು ಕನ್ನಡದಲ್ಲಿ ಹೇಳಿ ಹೊರಟುಹೋದ.

ಆಕೆ ಎಲ್ಲವನ್ನೂ ವಾಪಸು ತೆಗೆದುಕೊಂಡಳು. ಆಮೇಲೆ ಒಂದೊಂದು ಹಿಡಿ ಮತ್ತೆ ಚೀಲಕ್ಕೆ ಹಾಕಿದಳು, ಮನೆಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಎಳ್ಳನ್ನೂ.

"ನನ್ನ ಸಲುವಾಗಿ ಹೇಳಿದ ಮಾತು ಸುಳ್ಳ ಆಗಬಾರದ್ರಿ. ಮಾಡ್ಕೊಂಡು ಉಣ್ರಿ."

ಚೀಲ ಹೆಗಲಿಗೇರಿಸಿ, ಒಲೆಯಿಲ್ಲದ ನನ್ನ ಲಾಡ್ಜಿನ ಕೋಣೆಯತ್ತ ಹೊರಟೆ.