ಕೊನೆಯ ಸರದಿ

ವಾರ್ತಿನಿ ಸೋಯಾಕಾಳು ಬೇಯಿಸಿ, ಬಾಳೆಯೆಲೆಯಲ್ಲಿ ಕಟ್ಟಿಟ್ಟು, ತೆಂಪೆ ಮಾಡಿ ಮಾರಿ ಮೂರು ಮಕ್ಕಳನ್ನು ಸಾಕಿದವಳು. ಯಾರ ಹಂಗಿಗೂ ಬಿದ್ದವಳಲ್ಲ. ಅವಳನ್ನು ಕಟ್ಟಿಹಾಕಿದ್ದು ಮಂಗಳವಾರ.

ಪ್ರತಿ ಮಂಗಳವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮದರಸಾದ ಜಗಲಿಯಲ್ಲಿ, ಹೆಂಗಸರಿಗೆ ಸಣ್ಣ ಸಾಲ ಕೊಡುವ ಬ್ಯಾಂಕಿನ ಸಭೆ. ಬಡ್ಡಿಯಿಲ್ಲ, ಅಡವಿಲ್ಲ, ಐದು ಹೆಂಗಸರ ಗುಂಪೇ ಜಾಮೀನು. ಮೊದಲು ಇಬ್ಬರಿಗೆ ಹಣ, ಅವರು ಕಂತು ತಪ್ಪಿಸದಿದ್ದರೆ ಇನ್ನಿಬ್ಬರಿಗೆ, ಎಲ್ಲರಿಗಿಂತ ಕೊನೆಗೆ ಮುಖ್ಯಸ್ಥೆಗೆ. ಒಬ್ಬಳು ಬರದಿದ್ದರೂ ಐವರ ಸಾಲಕ್ಕೂ ತಡೆ. ಮುಖ್ಯಸ್ಥೆ ವಾರ್ತಿನಿ. ಮಂಗಳವಾರ ಬೆಳಗಾದರೆ ನಾಲ್ಕು ಮನೆಗಳ ಬಾಗಿಲು ಬಡಿಯುವುದು, ಸಂಜೆ ಸಭೆಯಲ್ಲಿ ಗುಂಪಿನ ಪ್ರತಿಜ್ಞೆ ಹೇಳಿಸುವುದು ಅವಳ ಪಾಲು. ಕಾಳಿನ ಸಿಪ್ಪೆ ತೆಗೆಯುವ ಯಂತ್ರಕ್ಕೆಂದು ಸಾಲದ ಅರ್ಜಿ ಹಾಕಿದವಳು ಇನ್ನೂ ಕಾಲಲ್ಲೇ ಕಾಳು ತುಳಿಯುತ್ತಿದ್ದಳು.

ಈಗ ಸಮುದ್ರದಾಚೆ ಸಮಾರಿಂಡಾದಲ್ಲಿದ್ದ ಮಗಳು ರೆತ್ನೊ ತುಂಬು ಬಸುರಿ. ಬಾಣಂತನಕ್ಕೆ ನಲವತ್ತು ದಿನ ಅಮ್ಮ ಬೇಕೆಂದಿದ್ದಳು.

"ಈ ಮುಖ್ಯಸ್ಥೆ ಪಟ್ಟ ಯಾರಾದ್ರೂ ತಗೊಳ್ರಮ್ಮ," ಎಂದು ವಾರ್ತಿನಿ ಸಭೆಯಲ್ಲಿ ಕೇಳಿದಳು.

ಮೀನು ಮಾರುವ ಪೋನಿರಾ ನಕ್ಕಳು. "ಪಟ್ಟ ಕಟ್ಕೊಂಡು ಎಲ್ಲರ ಹಿಂದೆ ನಿಲ್ಲೋಕಾ? ಕಾಯೋದು ನಿಮಗೆ ರೂಢಿ ಅಕ್ಕ. ನನ್ನ ಮೀನು ಕಾಯಲ್ಲ."

"ನನ್ನ ಸರದಿಯ ಸಾಲಾನೂ ಬಿಟ್ಟುಕೊಡ್ತೀನಿ. ಪಟ್ಟ ಒಪ್ಪಿಕೊಂಡೋಳೇ ಎಲ್ಲರಿಗಿಂತ ಮೊದಲು ದುಡ್ಡು ತಗೊಳ್ಳಲಿ."

ಇಬ್ಬರು ಕತ್ತೆತ್ತಿದರು. ಮದರಸಾದಲ್ಲಿ ಪಾಠ ಹೇಳುತ್ತ ಬ್ಯಾಂಕಿನ ಲೆಕ್ಕವನ್ನೂ ಬರೆಯುವ ಉಸ್ತಾದ್ ಫತೋನಿ ಪೆನ್ನು ಕೆಳಗಿಟ್ಟ.

"ಆಗೋದಿಲ್ಲಮ್ಮ. ದುಡ್ಡು ಕೈಗೆ ಬಂದೋಳು ಇನ್ನೊಬ್ಬರ ಬಾಗಿಲು ಬಡೀತಾಳಾ? ನಾವು ಮೂರೇ ಜನ ನಲವತ್ತು ಗುಂಪು ನೋಡ್ಕೋತಿರೋದು ನಿಮ್ಮಂಥೋರಿಂದ."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ. ಬ್ಯಾಂಕಿನ ದಕ್ಷತೆಗೆ ಬ್ಯಾಂಕು ಏನೂ ಖರ್ಚು ಮಾಡುತ್ತಿರಲಿಲ್ಲ. ಖರ್ಚೆಲ್ಲ ವಾರ್ತಿನಿಯ ಕಾಲಿನದು.

"ನಾನು ಹೋಗೇಬಿಟ್ರೆ?"

"ಗುಂಪು ಮುರಿಯುತ್ತೆ. ಇವರ ಮುಂದಿನ ದುಡ್ಡೂ ನಿಲ್ಲುತ್ತೆ."

ಪೋನಿರಾ ಈಗ ನಗಲಿಲ್ಲ. ನಾಲ್ವರೂ ವಾರ್ತಿನಿಯನ್ನೇ ನೋಡಿದರು. ದಿನ ಬೆಳಗಾದರೆ ಬಾವಿಯ ಬಳಿ ನೋಡಬೇಕಾದ ಮುಖಗಳು ಅವು.

ಮನೆಗೆ ಬಂದು ಬೆರಳು ಮಡಿಸಿದಳು. ಸಭೆ ಮುಗಿಸಿ ಹಡಗು ಹತ್ತಿದರೆ ಹೋಗಲು ಎರಡು ದಿನ, ಬರಲು ಎರಡು ದಿನ, ಮುಂದಿನ ಮಂಗಳವಾರ ಬೆಳಗಾಗುವಷ್ಟರಲ್ಲಿ ಇಲ್ಲಿರಬೇಕು. ಮಗಳಿಗೆ ಫೋನು ಮಾಡಿದಳು.

"ಎರಡು ದಿನ ಇರ್ತೀನಿ ಕಣೆ."

"ಮದುವೆಗೆ ಬಂದ ನೆಂಟರೂ ಅದಕ್ಕಿಂತ ಹೆಚ್ಚು ಇರ್ತಾರಮ್ಮ," ಎಂದಳು ರೆತ್ನೊ. "ಬೇಡ ಬಿಡು. ನಮ್ಮತ್ತೆ ನೋಡ್ಕೋತಾರೆ."

ಮುಂದಿನ ಮಂಗಳವಾರ ವಾರ್ತಿನಿ ನಾಲ್ಕೂ ಬಾಗಿಲು ಬಡಿದಳು. ಸಂಜೆ, "ಕಷ್ಟದಲ್ಲಿರುವ ಸದಸ್ಯೆಗೆ ನೆರವಾಗುತ್ತೇವೆ" ಎಂಬ ಸಾಲಿಗೆ ಬರುವಾಗ ಪೋನಿರಾ ಓಡುತ್ತ ಬಂದು ಕೂತಳು. ವಾರ್ತಿನಿ ಅವಳಿಗಾಗಿ ಪ್ರತಿಜ್ಞೆಯನ್ನು ಮೊದಲಿನಿಂದ ಹೇಳಿಸಿದಳು.